ಬೆಚ್ಚಗಿನ ಹಿಟ್ಟು

ಗ್ರೈಂಡರ್ ವಿಷಯದಲ್ಲಿ ತಮಗೆ ತಿಳಿಯದ್ದು ಯಾವುದೂ ಇಲ್ಲ ಎಂದು ಕೊಯಮತ್ತೂರಿನ ಗ್ರೈಂಡರ್ ಕಂಪನಿಯ ಮಾಲೀಕ ಮರುದಾಚಲಂ ಕೇಳಿದವರಿಗೆಲ್ಲ ಹೇಳುತ್ತಾರೆ. ಕೇಳದವರಿಗೂ ಹೇಳುತ್ತಾರೆ. ಮೂವತ್ತು ವರ್ಷ ಕಲ್ಲು, ಮೋಟಾರು, ಬೆಲ್ಟು ಎಂದು ಬದುಕಿದ ಮನುಷ್ಯ. ಸ್ವಂತ ಉದ್ಯಮ ಕಟ್ಟಲು ಹೊರಟ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಿ ಎಂದು ಎಂಜಿನಿಯರಿಂಗ್ ಕಾಲೇಜಿನವರು ಕೇಳಿಕೊಂಡಾಗ, ಬೇಡ ಬೇಡ ಎನ್ನುತ್ತಲೇ ಹೊಸ ಅಂಗಿ ಹೊಲಿಸಿದರು.

ಅವರ ಪಾಲಿಗೆ ಬಂದವಳು ಕೊನೆಯ ವರ್ಷದ ಕಯಲ್ವಿಳಿ. ಅರ್ಧ ಗಂಟೆಯ ರುಬ್ಬುವ ಕೆಲಸವನ್ನು ಹದಿನೈದೇ ನಿಮಿಷಕ್ಕೆ ಮುಗಿಸುವ ಪುಟ್ಟ ಗ್ರೈಂಡರ್ ಮಾಡಿ ಮಾರಬೇಕೆಂದು ಅವಳ ಆಸೆ. ಪ್ರತಿ ಶನಿವಾರ ಅವರ ಕಂಪನಿಯ ಶೆಡ್ಡಿಗೆ ಬಂದು ಅವರು ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ತಮ್ಮ ಮಾತನ್ನು ಇನ್ನೊಬ್ಬರು ಬರೆದುಕೊಳ್ಳುವುದು ಎಂಥ ಸುಖ ಎಂದು ಮರುದಾಚಲಂಗೆ ಆ ವಯಸ್ಸಿನಲ್ಲಿ ಗೊತ್ತಾಯಿತು.

ಎರಡು ತಿಂಗಳಾದ ಮೇಲೆ ಕಾಲೇಜು ಅವಳಿಗೆ ಇನ್ನೊಬ್ಬ ಮಾರ್ಗದರ್ಶಕನನ್ನೂ ಕೊಟ್ಟಿತು. ಶಬರೀಶ್, ಪಂಪ್ ಕಂಪನಿಯ ಮಾಲೀಕ, ಮೂವತ್ತೈದರ ಪ್ರಾಯ, ಬಿಳಿ ಶೂ. ಅಂದಿನಿಂದ ಹುಡುಗಿಯ ಬಾಯಲ್ಲಿ ಅವನದೇ ಜಪ. ಗ್ರೈಂಡರಿನ ಬಣ್ಣ ಶಬರೀಶ್ ಸಾರ್ ಹೇಳಿದ್ದು, ಹೆಸರು ಶಬರೀಶ್ ಸಾರ್ ಇಟ್ಟದ್ದು, ಎಷ್ಟು ವೇಗವೋ ಅಷ್ಟು ಮಾರಾಟ ಎಂಬುದೂ ಅವನ ಅಪ್ಪಣೆಯೇ. ಮರುದಾಚಲಂಗೆ ಹೊಟ್ಟೆ ಉರಿಯಿತು. ಒಂದು ದಿನವೂ ಉದ್ದು ನೆನೆಹಾಕಿ ಗೊತ್ತಿಲ್ಲದವನಿಗೆ ಗ್ರೈಂಡರ್ ಮಾತೇಕೆ?

ಮರುದಾಚಲಂ ಅವರ ಕಂಪನಿಯಲ್ಲಿ ಒಂದು ಪದ್ಧತಿ. ಯಾವ ಹೊಸ ಮಾದರಿಯಾದರೂ ಮೊದಲ ಹಿಟ್ಟನ್ನು ಅವರ ಅಡುಗೆಮನೆಯಲ್ಲೇ ರುಬ್ಬಬೇಕು. ಹೆಂಡತಿ ರುಕ್ಮಣಿಯಮ್ಮ ಹಿಟ್ಟಿಗೆ ಕೈಯಿಟ್ಟು ಹ್ಞೂಂ ಎಂದರೆ ಮಾತ್ರ ಮಾಲು ಅಂಗಡಿಗೆ. ಕಾಲೇಜಿನ ಪ್ರದರ್ಶನಕ್ಕೆ ಮೂರು ದಿನವಿರುವಾಗ ಕಯಲ್ವಿಳಿ ತನ್ನ ಗ್ರೈಂಡರನ್ನು ಅಲ್ಲಿಗೆ ಹೊತ್ತು ತಂದಳು. ಅದರಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿಯನ್ನು ಪ್ರದರ್ಶನದ ತೀರ್ಪುಗಾರರು ತಿಂದು ನೋಡುವವರಿದ್ದರು. ಗೆದ್ದರೆ ಕೆಲಸ ಶುರುಮಾಡಲು ಕಾಲೇಜಿನದೇ ಶೆಡ್ಡು ಸಿಗುತ್ತದೆ. ಸೋತರೆ ಅಪ್ಪ ಹೇಳಿದಂತೆ ಬ್ಯಾಂಕ್ ಪರೀಕ್ಷೆಗೆ ಓದುತ್ತ ಕೂರಬೇಕು.

ಹದಿನೈದು ನಿಮಿಷಕ್ಕೆ ಉದ್ದು ನುಣ್ಣಗಾಯಿತು. ಮರುದಾಚಲಂ ಬೆರಳಿಟ್ಟರು. ಬೆಚ್ಚಗಿತ್ತು. ವೇಗ ಹೆಚ್ಚಾಗಿ ಬಿಸಿಯಾದ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ, ಇಡ್ಲಿ ಗಟ್ಟಿಯಾಗುತ್ತದೆ. ಮೋಟಾರಿಗೆ ಬೆಲ್ಟು ಸುತ್ತುವ ಪುಲ್ಲಿ ಚಕ್ರ ಬದಲಿಸಿ ವೇಗ ಇಳಿಸಿದರೆ ಆಯಿತು, ಅರ್ಧ ದಿನದ ಕೆಲಸ. ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಹುಡುಗಿ, "ಶಬರೀಶ್ ಸಾರ್‌ಗಂತೂ ತುಂಬಾ ಹಿಡಿಸ್ತು ಸಾರ್," ಎಂದಳು.

"ಹಂಗಾದ್ರೆ ಸರಿಯಾಗೇ ಇರತ್ತೆ ಬಿಡಮ್ಮ. ಅವರಿಗಿಂತ ನಾನು ಹೆಚ್ಚಾ?"

ಬೆರಳನ್ನು ಟವೆಲ್ಲಿಗೆ ಒರೆಸಿಕೊಂಡು ಎದ್ದು ಹೋದರು. ರುಕ್ಮಣಿಯಮ್ಮ ತಾವೂ ಹಿಟ್ಟಿಗೆ ಕೈಯಿಟ್ಟರು, ಕೈ ತೊಳೆದುಕೊಂಡು ಹುಡುಗಿಯನ್ನು ಕಳಿಸಿಕೊಡಲು ಹೊರಗೆ ಹೋದರು.

ಆ ಮೂರು ದಿನ ಮರುದಾಚಲಂ ಸುಖವಾಗಿ ಉಂಡರು. ತೀರ್ಪುಗಾರರು ಇಡ್ಲಿ ಅಗಿಯುವುದು, ಬಿಳಿ ಶೂವಿನವನ ಮುಖ ಸಣ್ಣಗಾಗುವುದು ಕಣ್ಣಿಗೆ ಕಟ್ಟುತ್ತಿತ್ತು. ನಡುವೆ ಹುಡುಗಿಯ ಮುಖವೂ ಬರುತ್ತಿತ್ತು. ಅದನ್ನು ಆಚೆಗೆ ಸರಿಸುತ್ತಿದ್ದರು.

ಪ್ರದರ್ಶನದ ದಿನ ಹೊಸ ಅಂಗಿ ತೊಟ್ಟು ಹೆಂಡತಿಯೊಡನೆ ಮುಂದಿನ ಸಾಲಿನಲ್ಲೇ ಕೂತರು. ತೀರ್ಪುಗಾರರು ಇಡ್ಲಿ ಮುರಿದರು. ಹತ್ತಿಯಂತೆ ಬಿಡಿಸಿಕೊಂಡಿತು. ಒಬ್ಬರು ಇನ್ನೊಂದು ಕೇಳಿ ಹಾಕಿಸಿಕೊಂಡರು. ಕಯಲ್ವಿಳಿ ಮೈಕ್ ಹಿಡಿದು, ತನ್ನ ಗ್ರೈಂಡರ್ ಈಗ ಇಪ್ಪತ್ತೆರಡು ನಿಮಿಷ ತೆಗೆದುಕೊಳ್ಳುತ್ತದೆ ಎಂದಳು.

"ವೇಗ ಇಳಿಸು, ಹಿಟ್ಟು ಬಿಸಿ ಆಗ್ತಿದೆ ಅಂತ ಗೇಟಿನವರೆಗೂ ಬಂದು ಹೇಳಿದವರು ಒಬ್ಬರೇ. ನನ್ನ ಗುರು ರುಕ್ಮಣಿಯಮ್ಮ."

ಚಪ್ಪಾಳೆ ಬಿತ್ತು. ಶಬರೀಶನೂ ನಕ್ಕು ತಟ್ಟಿದ. ಮೂವತ್ತು ವರ್ಷ ಗ್ರೈಂಡರಿನ ಪ್ರತಿ ಪೆಟ್ಟಿಗೆಯ ಮೇಲೂ ತಮ್ಮದೇ ಫೋಟೋ ಅಚ್ಚು ಹಾಕಿಸಿದ ಮರುದಾಚಲಂಗೆ ಆ ಹೆಸರು ಮೈಕಿನಲ್ಲಿ ಕೇಳಿ ಒಳಗೆಲ್ಲ ಕುದಿಯಿತು. ಶಬರೀಶನ ಮೇಲೂ ಇಷ್ಟು ಉರಿದಿರಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತಾ?" ಎಂದು ಹಲ್ಲು ಕಚ್ಚಿ ಕೇಳಿದರು.

"ನಿಮಗೆ ಗೊತ್ತಿತ್ತಲ್ರೀ," ಎಂದರು ರುಕ್ಮಣಿಯಮ್ಮ. "ನೀವು ಬೆರಳು ಒರೆಸ್ಕೊಂಡಿದ್ದು ನೋಡ್ದೆ."

ಅಷ್ಟರಲ್ಲಿ ಕಯಲ್ವಿಳಿ ಅದೇ ಪುಸ್ತಕ ಹಿಡಿದು ವೇದಿಕೆಯಿಂದ ಇಳಿದು ಬಂದಳು. ಒಂದು ಕುರ್ಚಿ ಎಳೆದು, ರುಕ್ಮಣಿಯಮ್ಮನ ಕಡೆಗೆ ತಿರುಗಿಸಿಕೊಂಡು ಕೂತು, ಹೊಸ ಹಾಳೆ ತೆರೆದಳು.