ಬಂಡೆಹಟ್ಟಿ ಎಂದರೆ ಅಕ್ಕ ಏಳಲಿಲ್ಲ

ಗಡಿಯಾಚೆಯ ದೊಡ್ಡಾಸ್ಪತ್ರೆಗೆ ಅಕ್ಕನನ್ನು ಕರೆದುಕೊಂಡು ಹೋದ ದಿನ ನಾವು ನಿಂತದ್ದು ಸರಿಯಾದ ಸಾಲಿನಲ್ಲೇ. ನಿಂತ ಕಾರಣ ಮಾತ್ರ ತಪ್ಪು. ಬಾಗಿಲ ಮೇಲೆ 'ಹೊರರೋಗಿಗಳ ವಿಭಾಗ' ಎಂದು ಬರೆದಿತ್ತು. ನಮ್ಮ ಆಂಧ್ರದ ಕಡೆಯ ಆಸ್ಪತ್ರೆಗಳಲ್ಲಿ ಬೋರ್ಡೆಲ್ಲ ತೆಲುಗಿನಲ್ಲಿರುತ್ತದೆ, ಬಾಯಲ್ಲಿ ಎಲ್ಲರೂ ಓಪಿ ಅನ್ನುತ್ತಾರೆ. ಆ ಪದವನ್ನು ಕನ್ನಡದಲ್ಲಿ ನಾವಿಬ್ಬರೂ ಕಂಡದ್ದು ಅದೇ ಮೊದಲು.

"ನೋಡ್ಲೇ, ಹೊರಗಿನೋರಿಗೆ ಬ್ಯಾರೆ ಸಾಲು ಮಾಡ್ಯಾರ," ಅಂದಳು ಅಕ್ಕ. "ಆಂಧ್ರದೋರು ಇಲ್ಲಿ ನಿಲ್ಲಬೇಕು ಅಂತ."

ಮಡಕಶಿರದ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ನನಗೂ ಹಾಗೇ ಅನ್ನಿಸಿತು. ನಿಂತೆವು. ಭಾವ, ಎಂದರೆ ಅಕ್ಕನ ಗಂಡ, ನೀರಿನ ಬಾಟಲಿ ಹಿಡಿದು ಗೋಡೆ ಪಕ್ಕ ನಿಂತಿದ್ದರು. ಸಾಲು ಉದ್ದವಿತ್ತು. ಇಷ್ಟೊಂದು ಜನ ಗಡಿ ದಾಟಿ ಬಂದಿದ್ದಾರೆಯೇ ಎಂದು ಅಕ್ಕನಿಗೆ ಧೈರ್ಯ ಬಂದು, ಮುಂದೆ ನಿಂತಿದ್ದ ಹೆಂಗಸನ್ನು ಕೇಳಿದಳು: "ನೀವು ಯಾವ ಕಡೆ ಆಂಧ್ರದೋರ್ರಿ?"

"ಯಾಕ್ರಿ? ನಾನು ಇದೇ ಊರು. ಇಲ್ಲೇ ಹಿಂದಿನ ಓಣಿ."

"ಮತ್ತ ಹೊರಗಿನೋರ ಸಾಲಿನ್ಯಾಗ ಯಾಕ ನಿಂತೀರಿ?"

ಆ ಹೆಂಗಸು ಬೋರ್ಡು ನೋಡಿದರು, ಅಕ್ಕನ ಮುಖ ನೋಡಿದರು, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. "ಏ ಯವ್ವಾ! ಗುಳಿಗಿ ಇಸ್ಕಂಡು ಮನಿಗೆ ಹೋಗೋರು ಹೊರರೋಗಿ. ಒಳಗ ಮಲಗೋರು ಒಳರೋಗಿ. ಆಂಧ್ರ ಗೀಂಧ್ರ ಏನಿಲ್ಲ."

ಅಕ್ಕನೂ ನಕ್ಕಳು. ನಗುವಷ್ಟಕ್ಕೇ ಏದುಸಿರು ಬಂತು, ನನ್ನ ಹೆಗಲು ಹಿಡಿದುಕೊಂಡಳು. ಅವಳ ಕಾಲು ಆಗಲೇ ಊದಿ ಚಪ್ಪಲಿಯ ಪಟ್ಟಿ ಏರುತ್ತಿರಲಿಲ್ಲ. ಮೂತ್ರಪಿಂಡ ಎರಡೂ ಕೆಟ್ಟಿವೆ, ರಕ್ತ ತೊಳೆಯಬೇಕು, ದೊಡ್ಡಾಸ್ಪತ್ರೆಗೆ ಹೋಗಿ ಎಂದು ರಾಯದುರ್ಗದ ಡಾಕ್ಟರು ಬರೆದುಕೊಟ್ಟಿದ್ದರು. ಅವರು ಬರೆದದ್ದು ಅನಂತಪುರಕ್ಕೆ. ಅಲ್ಲಿಗೆ ಬಸ್ಸಿನಲ್ಲಿ ಮೂರು ಗಂಟೆ. ಗಡಿ ದಾಟಿದರೆ ಅದರ ಅರ್ಧ ಹೊತ್ತೂ ಬೇಡ. ಅವಳ ಉಸಿರು ನೋಡಿ ಭಾವ ಹತ್ತಿರದ್ದನ್ನೇ ಆರಿಸಿದರು.

ಅಕ್ಕನ ಬಗ್ಗೆ ಹೇಳಬೇಕು. ನಾವು ಮಡಕಶಿರದ ಪಕ್ಕದ, ಆಂಧ್ರದೊಳಗಿನ ಗುಡಿಬಂಡೆ ಕಡೆಯ ಹಳ್ಳಿಯವರು. ಅವಳನ್ನು ಕೊಟ್ಟದ್ದು ರಾಯದುರ್ಗಕ್ಕೆ. ಗಂಡನ ಮನೆಯಿಂದ ಅವಳಿಗೆ ಬಂದದ್ದು ಏನೂ ಇರಲಿಲ್ಲ. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಇಪ್ಪತ್ತು ವರ್ಷ ಸೊಂಟಪಟ್ಟಿ ಕೂರಿಸಿದಳು. ದಿನಕ್ಕೆ ನೂರಾರು ಸೊಂಟ, ಯಾರದೆಂದು ಗೊತ್ತಿಲ್ಲ. ತೊಳೆದರೂ ಹೋಗದಂತೆ ಬೆರಳ ತುದಿಗೆ ನೀಲಿ ಹಿಡಿದಿತ್ತು. ಆ ದುಡ್ಡಿನಲ್ಲಿ ಬೆಟ್ಟದ ಬುಡದಲ್ಲಿ ಎರಡು ಕೋಣೆ ಕಟ್ಟಿದಳು. ನಮ್ಮ ಕಡೆಯ ಮಾತನ್ನು ಬಿಟ್ಟು 'ಹೌದ್ರಿ, ಬರ್ರಿ' ಕಲಿತಳು. ನಾನು ಆಡಿಕೊಂಡರೆ, "ಉಣ್ಣೋ ಊರಿನ ಮಾತು ಆಡಬೇಕಲೇ" ಅನ್ನುತ್ತಿದ್ದಳು.

ಡಾಕ್ಟರು ಪರೀಕ್ಷೆ ಮಾಡಿ ಇವತ್ತೇ ಸೇರಿಸಿ ಎಂದರು. ಅಕ್ಕನನ್ನು ಭಾವನ ಜೊತೆ ಬೆಂಚಿನ ಮೇಲೆ ಕೂರಿಸಿ ನಾನು ಹೋದೆ. ಸೇರಿಸಿಕೊಳ್ಳುವ ಕಿಟಕಿಯಲ್ಲಿದ್ದವನು ಇನ್ನೂ ಚಿಕ್ಕ ವಯಸ್ಸಿನವನು, ಮಾತು ಮೆತ್ತಗಿತ್ತು. ಅಕ್ಕನ ಅಕ್ಕಿ ಕಾರ್ಡನ್ನು, ಎಂದರೆ ರೇಷನ್ ಕಾರ್ಡನ್ನು, ತಿರುಗಿಸಿ ತಿರುಗಿಸಿ ನೋಡಿದ.

"ಇದು ತೆಲುಗಿಂದ್ರಿ. ಇಲ್ಲಿ ನಡಿಯಂಗಿಲ್ಲ."

"ಫೀಸು ಕಟ್ತೀವಿ ಸಾರ್. ಎಷ್ಟಾಯ್ತದೆ?"

"ಹೊರರಾಜ್ಯಕ್ಕ ಬ್ಯಾರೆ ರೇಟು. ಎಷ್ಟು ದಿನ ಅಂತ ಈಗ ಹೇಳಾಕ ಬರಂಗಿಲ್ಲ. ಮತ್ತ ರಕ್ತ ತೊಳಿಯೋ ಮಿಷನ್ನು ಇರೋವು ನಾಕು, ನಮ್ಮೋರದು ಮುಗಿದ ಮ್ಯಾಲೆ ನಿಮ್ಮದು. ಅನಂತಪುರಕ್ಕ ಹೋಗ್ರಿ, ಅಲ್ಲಿ ನಿಮಗ ಪೂರಾ ಫ್ರೀ ಐತಲ್ಲ?"

ಅವನು 'ನಮ್ಮೋರು' ಎಂದದ್ದು ಅಕ್ಕ ಆಡುವ ಕನ್ನಡದಲ್ಲೇ. ಒಂದು ಅಕ್ಷರ ಹೆಚ್ಚು ಕಮ್ಮಿ ಇಲ್ಲ. ಅವನನ್ನು ತಂದು ಅಕ್ಕನ ಬೀದಿಯಲ್ಲಿ ಕೂರಿಸಿದರೆ ಯಾರೂ ಹೊಸಬ ಅನ್ನಲಾರರು. ಹಿಂದೊಮ್ಮೆ ಅವ್ವನನ್ನು ಅನಂತಪುರಕ್ಕೆ ಕರೆದುಕೊಂಡು ಹೋಗಿದ್ದಾಗ, ನಾವು ನಮ್ಮೊಳಗೆ ಮಾತಾಡಿಕೊಳ್ಳುವುದನ್ನು ಕೇಳಿ ಅಲ್ಲಿಯ ಕಿಟಕಿಯವರು "ಮೀದಿ ಕರ್ಣಾಟಕಾನಾ ಅಮ್ಮಾ?" ಎಂದು, ನಿಮ್ಮದು ಕರ್ನಾಟಕವೇ ಎಂದು ಕೇಳಿದ್ದರು. ತೆಲುಗಿನಲ್ಲಿ ಉತ್ತರ ಕೊಟ್ಟರೂ ಕಾರ್ಡು ನೋಡುವವರೆಗೆ ನಂಬಿರಲಿಲ್ಲ. ಅಲ್ಲಿ ನಮ್ಮ ಕಾರ್ಡು ಸರಿ, ಮಾತು ತಪ್ಪು. ಇಲ್ಲಿ ಮಾತು ಸರಿ, ಕಾರ್ಡು ತಪ್ಪು. ನಾವು ಎದ್ದು ಎಲ್ಲಿಗೂ ಹೋದವರಲ್ಲ. ಇದ್ದಲ್ಲೇ ಇದ್ದು ಎರಡು ಕಡೆಗೂ ಹೊರಗಿನವರು.

ನಾನು ಬೆಂಚಿಗೆ ಹಿಂತಿರುಗಿದಾಗ ಅಕ್ಕನ ತುಟಿ ಕಪ್ಪಿಟ್ಟಿತ್ತು. ಅವಳನ್ನು ತಳ್ಳುಗಾಡಿಯಲ್ಲಿ ತುರ್ತು ವಿಭಾಗಕ್ಕೆ ನೂಕಿಕೊಂಡು ಹೋದರು. ಭಾವ ಅವಳ ಜೊತೆ ಓಡಿದರು. ಅಲ್ಲಿ ಇನ್ನೊಂದು ಮೇಜು, ಇನ್ನೊಬ್ಬ ಗುಮಾಸ್ತರು. ಹೆಸರು ಕೇಳಿದರು, ಹೇಳಿದೆ. ವಯಸ್ಸು ಕೇಳಿದರು, ಹೇಳಿದೆ. "ಯಾವೂರು?"

"ಬಂಡೆಹಟ್ಟಿ," ಅಂದೆ.

ಬಂಡೆಹಟ್ಟಿ ನಮ್ಮ ಸೋದರತ್ತೆಯನ್ನು ಕೊಟ್ಟ ಊರು, ಕರ್ನಾಟಕದ ಕಡೆಗಿದೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋಗುತ್ತಿದ್ದೆವು, ಅಷ್ಟೇ.

"ಕಾರ್ಡು?"

"ನಾಳೆ ತತ್ತೀವಿ."

ಅವರು ಬರೆದುಕೊಂಡರು. ಅಷ್ಟು ಸುಲಭವಿತ್ತು. ಆ ದಿನವೇ ಮಿಷನ್ನಿಗೆ ಹಾಕಿದರು. ಸಂಜೆಗೆ ಉಸಿರು ಹಗುರಾಗಿ, ಅಕ್ಕ ಕಣ್ಣು ಬಿಟ್ಟು "ಈಗ ನಾನು ಒಳರೋಗಿ ಅಲ್ಲೇನೇ?" ಅಂದಳು. ಹೌದಕ್ಕ, ಅಂದೆ.

ಆ ವಾರ್ಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಂದೇ ಹೆಸರಿನವರು ನಾಲ್ಕೈದು ಜನ ಇರುತ್ತಿದ್ದರು. ಸಿಸ್ಟರು ಬಾಗಿಲಲ್ಲಿ ನಿಂತು ಊರು ಕೂಗುತ್ತಿದ್ದರು. ಕೂಗಿದ ಊರು ಎದ್ದು ಮಿಷನ್ನಿನ ಕೋಣೆಗೆ ಹೋಗಬೇಕು. ಮೂರನೆಯ ದಿನ ಬೆಳಿಗ್ಗೆ ಕೂಗಿದರು: "ಬಂಡೆಹಟ್ಟಿ!"

ನಾನು ಹೊರಗೆ ಗಂಜಿ ತರಲು ಹೋಗಿದ್ದೆ. ಬರುವಷ್ಟರಲ್ಲಿ ಸಿಸ್ಟರು ಮೂರನೆಯ ಸಲ ಕೂಗುತ್ತಿದ್ದರು. "ಯಾರ್ರೀ ಬಂಡೆಹಟ್ಟಿ? ಮಿಷನ್ನು ಖಾಲಿ ಐತಿ, ಬರ್ತೀರೋ ಇಲ್ಲೋ?" ಅಕ್ಕ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದಳು.

"ಏಳಕ್ಕ, ನಿನ್ನೇ ಕರೀತಾ ಅವ್ರೆ."

"ನಾನು ಬಂಡೆಹಟ್ಟಿಯಾಕೀನಾ?"

ನನ್ನ ಮುಖ ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು. ಕಾಗದದಲ್ಲಿ ಅಂಗೆ ಬರೆಸೀನಿ ಕಣಕ್ಕ, ಇಲ್ಲದಿದ್ರೆ ಸೇರಿಸ್ಕಂತಿರಲಿಲ್ಲ, ಈಗ ಏಳು, ಎಂದು ಕಿವಿಯಲ್ಲಿ ಬೇಡಿಕೊಂಡೆ.

"ಬಂಡೆಹಟ್ಟಿಯಾಗ ನಂದು ಒಂದು ಹರಕು ಚಪ್ಪಲಿ ಸುದ್ದಾ ಇಲ್ಲ," ಅಂದಳು. "ಇಪ್ಪತ್ತು ವರ್ಷ ಸೊಂಟ ಮುರಕಂಡು ಕಟ್ಟಿದ ಮನಿ ರಾಯದುರ್ಗದಾಗೈತಿ. ಆ ಊರು ಬಿಟ್ಟು ಬ್ಯಾರೆ ಊರಿನ ಹೆಸರಿಗೆ ಎದ್ದರ ನಾನು ಯಾರಲೇ?"

"ಜೀವ ಉಳಿದ್ರೆ ಊರು ಉಳಿತದೆ ಕಣಕ್ಕ."

"ನೀನು ಹತ್ತು ಓದಿದಾಕಿ, ನಿನಗ ಹಂಗ ಕಾಣತೈತಿ."

ಸಿಸ್ಟರು ಸಿಟ್ಟಿನಿಂದ ಪಕ್ಕದ ಹಾಸಿಗೆಯವರನ್ನು ಕರೆದುಕೊಂಡು ಹೋದರು. ಅಕ್ಕನ ಸರದಿ ಮಧ್ಯಾಹ್ನಕ್ಕೆ ಬಿತ್ತು. ಅಷ್ಟರೊಳಗೆ ತಿದ್ದಿಸಿಕೊಂಡು ಬಾ ಎಂದು ನನ್ನನ್ನು ಕಿಟಕಿಗೆ ಕಳಿಸಿದಳು. "ಫೀಸು ಎಷ್ಟಾದ್ರೂ ಆಗ್ಲಿ. ಹೊರಗಿನೋರು ಅಂತಾರ? ಅನ್ನಲಿ. ಹೊರಗಿನೋರ ರೇಟು ಹಾಕಲಿ. ಊರು ಮಾತ್ರ ನಂದ ಇರಬೇಕು."

ಹೋದೆ. ಸಾಲಿನಲ್ಲಿ ನಿಂತೆ. ನನ್ನ ಮುಂದೆ ಒಬ್ಬರು ಮುದುಕರು ನಮ್ಮಂಥದೇ ಕಾರ್ಡು ಹಿಡಿದು ನಿಂತಿದ್ದರು. ಅದೇ ಹುಡುಗ ಅದೇ ಮೆತ್ತಗಿನ ದನಿಯಲ್ಲಿ ಅದೇ ಮಾತು ಹೇಳಿದ. ಅವರು ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಬಸ್ ಸ್ಟ್ಯಾಂಡ್ ಯಾವ ಕಡೆ ಎಂದು ನನ್ನನ್ನು ಕೇಳಿದರು. ದಾರಿ ತೋರಿಸಿದೆ. ನನ್ನ ಸರದಿ ಬಂದಿತ್ತು. ಕಿಟಕಿಯ ಮುಂದೆ ಹೋಗದೆ ಹಿಂತಿರುಗಿದೆ.

"ತಿದ್ದಿಸಿದೆ ಕಣಕ್ಕ," ಅಂದೆ.

ಆಮೇಲೆ ಸಿಸ್ಟರ ಹಿಂದೆ ಹೋಗಿ, ನಮ್ಮಕ್ಕನನ್ನು ರಾಯದುರ್ಗ ಅಂತ ಕರೀರಿ ಎಂದು ಕೇಳಿಕೊಂಡೆ.

"ಕಾಗದದಾಗ ಬಂಡೆಹಟ್ಟಿ ಐತಲ್ಲಮ್ಮ?"

"ಅದು ತವರು. ರಾಯದುರ್ಗ ಗಂಡನ ಮನೆ."

"ಏನ್ ಕಿರಿಕಿರಿನೋ ನಿಮ್ಮದು. ಗಂಡನ ಮನಿ ಹೆಸರು ಕೂಗಿದ್ರ ಓಡಿ ಬರತಾಳೇನು? ನಾವಾಗಿದ್ರ ತವರು ಅಂದ್ರಷ್ಟೇ ಏಳೋದು!" ಎಂದು ನಕ್ಕರು. ಮಧ್ಯಾಹ್ನ ಬಾಗಿಲಲ್ಲಿ ನಿಂತು "ರಾಯದುರ್ಗ!" ಎಂದು ಕೂಗಿದರು. ಅಕ್ಕ ಕೈ ಎತ್ತಿದಳು. ಕೈ ಎತ್ತುವ ಅಗತ್ಯ ಇರಲಿಲ್ಲ, ಹಾಸಿಗೆ ಬಾಗಿಲ ಪಕ್ಕದಲ್ಲೇ ಇತ್ತು. ಆದರೂ ಎತ್ತಿದಳು, ನೀಲಿ ಬೆರಳುಗಳನ್ನು ಅಗಲಿಸಿ. "ಹಾಂ, ಬಂದೆ ನೋಡ್ರಿ."

ಹೀಗೆ ಹದಿನೇಳು ದಿನ. ಅಷ್ಟೂ ದಿನ ಗುಮಾಸ್ತರು ಕಾರ್ಡು ಕೇಳಿದರು, ಅಷ್ಟೂ ದಿನ ನಾನು ನಾಳೆ ಅಂದೆ. ಹದಿನೆಂಟನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ, ಮಿಷನ್ನಿನ ಮೇಲೆ ಇದ್ದಾಗಲೇ, ಅಕ್ಕ ಹೋದಳು. ಹೃದಯ ನಿಂತಿತು ಎಂದರು ಡಾಕ್ಟರು. ಅವರು ಮಾಡಬೇಕಾದ್ದನ್ನು ಮಾಡಿದರು, ಆ ಬಗ್ಗೆ ನನಗೆ ದೂರಿಲ್ಲ.

ಈಗ ನೆಂಟರು ಕೇಳುತ್ತಾರೆ. ಅಲ್ಲಿಗೆ ಯಾಕೆ ಹೋದಿರಿ, ಅನಂತಪುರಕ್ಕೆ ಹೋಗಬೇಕಿತ್ತು. ಮೊದಲೇ ಹೋಗಬೇಕಿತ್ತು. ಹೋಗಬಾರದಿತ್ತು. ಅಕ್ಕನನ್ನು ಉಳಿಸಿಕೊಳ್ಳಲು ಹೇಳಿದ ಮೊದಲ ಸುಳ್ಳಿಗೆ ನನಗೆ ನಾಚಿಕೆಯಿಲ್ಲ. ಆ ಮೇಜಿನ ಮುಂದೆ ನಾಳೆ ನಿಂತರೆ ನಾಳೆಯೂ ಹೇಳುತ್ತೇನೆ. ಉಸಿರಾಡಲು ಆಗದವಳನ್ನು ಎದುರಿಗಿಟ್ಟುಕೊಂಡು ಊರು ಕೇಳುವ ಪ್ರಶ್ನೆಗೆ ನಿಜ ಹೇಳುವ ಋಣ ನನಗಿಲ್ಲ. ಎರಡನೆಯ ಸುಳ್ಳು ಬೇರೆ. ಅದನ್ನು ಹೇಳಿದ್ದು ಅಕ್ಕನಿಗೆ.

ಶವ ಕೊಡುವ ಮುಂಚೆ ಕಾಗದ ಬರೆಯುವ ಕಿಟಕಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಇದ್ದರು. ಅವರು ಬರೆದದ್ದನ್ನು ಓದಿ ಹೇಳಿದರು. ಹೆಸರು ಸರಿ, ವಯಸ್ಸು ಸರಿ. ಊರು, ಬಂಡೆಹಟ್ಟಿ.

"ಊರು ತಪ್ಪು ಸಾರ್. ರಾಯದುರ್ಗ," ಅಂದೆ. ಹದಿನೇಳು ದಿನ ಚೀಲದ ತಳದಲ್ಲಿ ಬಚ್ಚಿಟ್ಟಿದ್ದ ಅವಳ ಆಧಾರ್ ಕಾರ್ಡನ್ನು ಕಿಟಕಿಯೊಳಗೆ ತಳ್ಳಿದೆ.

ಅವರು ಕನ್ನಡಕ ಮೇಲಕ್ಕೆ ಸರಿಸಿದರು. "ಮೊದಲನೇ ದಿನ ಬಂಡೆಹಟ್ಟಿ ಅಂತ ಬರೆಸಿದವ್ರು ಯಾರು?"

"ನಾನೇ."

"ಈಗ ತಿದ್ದಿದ್ರ ಅಷ್ಟೂ ದಿನದ್ದು ಹೊರರಾಜ್ಯದ ರೇಟು ಬೀಳತೈತಿ. ಗೊತ್ತೈತಾ? ಸುಮ್ನ ಹಂಗೇ ತಗಂಡು ಹೋಗ್ರಿ. ಹೋದೋರಿಗೆ ಯಾವ ಊರಾದ್ರೇನು."

ಭಾವ ನನ್ನ ತೋಳು ಹಿಡಿದರು. ಅವರ ಕಣ್ಣು ಇಷ್ಟೆತ್ತರ ಊದಿತ್ತು. "ನಡೀಮ್ಮ. ಹೋದಾಕಿ ಹೋದ್ಲು. ಮನಿಗೆ ಒಯ್ಯೋಣ."

"ನೀವು ಕುಂತ್ಕೊಳಿ ಭಾವ. ನಾನು ಬತ್ತೀನಿ."

ಅಷ್ಟರಲ್ಲಿ ಅಕ್ಕನ ಯೂನಿಟ್ಟಿನಿಂದ ನಾಲ್ಕು ಜನ ಹೆಂಗಸರು ಬಂದಿದ್ದರು, ಶವದ ಜೊತೆ ಹೋಗಲು. ವಿಷಯ ಕೇಳಿದ್ದೇ ಅವರಲ್ಲಿ ದೊಡ್ಡವರು ಕಿಟಕಿಗೆ ಬಂದು ನಿಂತರು. "ಸಾರ್, ಇಪ್ಪತ್ತು ವರ್ಷ ನನ್ನ ಪಕ್ಕದ ಮಿಷನ್ನಿನ್ಯಾಗ ಕುಂತಾಕಿ. ಆ ಬಂಡೆಹಟ್ಟಿ ಎಲ್ಲೈತಿ ಅಂತ ನಮಗ ಗೊತ್ತಿಲ್ಲ."

"ಇಲ್ಲಿ ಗೋಳಾಡಬ್ಯಾಡ್ರಮ್ಮ, ಹಿಂದ ಜನ ನಿಂತಾರ."

"ಗೋಳಾಡಾಕ ಮನಿ ಐತ್ರಿ. ಇಲ್ಲಿಗೆ ಬರೆಸಾಕ ಬಂದೀವಿ." ಹಾಗೆಂದವರೇ ರವಿಕೆಯೊಳಗಿನ ಪುಟ್ಟ ಪರ್ಸು ತೆಗೆದರು. ಉಳಿದ ಮೂವರೂ ತೆಗೆದರು. ಭಾವ ಬೆಂಚಿನ ಮೇಲಿಂದ ಎದ್ದು ಬಂದು ಶರ್ಟಿನ ಜೇಬಿನಲ್ಲಿದ್ದುದನ್ನು ಅವರ ನೋಟುಗಳ ಮೇಲೆ ಇಟ್ಟರು.

ಗುಮಾಸ್ತರು ಉಸಿರು ಬಿಟ್ಟು ಒಂದು ಬಿಳಿ ಹಾಳೆ ಕೊಟ್ಟರು. "ಊರು ತಿದ್ದಾಕ ಕಾರಣ ಬೇಕು. ಅರ್ಜಿ ಬರ್ಕೊಡ್ರಿ."

ನಾನು ಗೋಡೆಗೆ ಹಾಳೆ ಒತ್ತಿಟ್ಟು ಬರೆದೆ. ನನ್ನ ಅಕ್ಕ ರಾಯದುರ್ಗದವಳು. ಬಂಡೆಹಟ್ಟಿ ಎಂದು ಬರೆಸಿದವಳು ನಾನು, ನಿಮ್ಮ ರೇಟಿಗೂ ಸರದಿಗೂ ಹೆದರಿ. ಅಕ್ಕನಿಗೆ ತಿಳಿದ ದಿನವೇ ತಿದ್ದಿಸು ಎಂದಳು. ನಾನು ತಿದ್ದಿಸಲಿಲ್ಲ, ತಿದ್ದಿಸಿದೆ ಎಂದು ಅವಳಿಗೆ ಹೇಳಿದೆ. ಹೊರಗಿನವರ ಫೀಸನ್ನು ಕಟ್ಟುತ್ತಿದ್ದೇವೆ. ಊರು ತಿದ್ದಿ ಕೊಡಿ.

ಗುಮಾಸ್ತರು ಎರಡು ಸಲ ಓದಿದರು. ದನಿ ಇಳಿಸಿದರು. "ಇಷ್ಟೆಲ್ಲ ಯಾಕಮ್ಮ? ಇದು ಫೈಲಿನ್ಯಾಗ ಉಳಿದ್ರ ನಾಳೆ ನಿನಗ ತೊಂದರಿ. 'ಕಣ್ತಪ್ಪಿನಿಂದ ತಪ್ಪಾಗಿರುತ್ತದೆ' ಅಂತ ಒಂದು ಸಾಲು ಬರಿ, ಸಾಕು. ಎಲ್ರೂ ಹಂಗ ಬರೆಯೋದು." ಇನ್ನೊಂದು ಹಾಳೆ ಮುಂದಿಟ್ಟರು. ಒಳ್ಳೆಯ ಮನುಷ್ಯ, ನನ್ನ ಒಳ್ಳೆಯದಕ್ಕೇ ಹೇಳಿದರು.

"ಕಣ್ತಪ್ಪಲ್ಲ ಸಾರ್," ಅಂದೆ. "ಅಂಗೇ ಇರಲಿ."

ಅವರು ಆ ಖಾಲಿ ಹಾಳೆಯನ್ನು ಹಿಂದಕ್ಕೆಳೆದುಕೊಂಡರು. ಬಂಡೆಹಟ್ಟಿಯ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ರಾಯದುರ್ಗ ಎಂದು ಬರೆದು, ನನ್ನ ಅರ್ಜಿಗೆ ಸೀಲು ಒತ್ತಿದರು.