ಟೈಲರ್ ಮಾಸ್ಟರ ಐದು ಸೆಕೆಂಡು

ಸಕ್ಕರೆ ಕಾಯಿಲೆ ಬಂದಂದಿನಿಂದ ನಮ್ಮ ಬೀದಿಯ ಟೈಲರ್ ಮಾಸ್ಟರಿಗೆ ಹೊತ್ತು ಶುರುವಾಗುವುದೇ ಊಟದ ಮೊದಲ ತುತ್ತಿನಿಂದ. ಅದು ಬಾಯಿಗೆ ಹೋದದ್ದೇ ತಡ, ಗೋಡೆ ಗಡಿಯಾರ ನೋಡಿ, ಕತ್ತರಿಸುವ ಮೇಜಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಸಮಯ ಬರೆಯುತ್ತಾರೆ. ಅಲ್ಲಿಂದ ಸರಿಯಾಗಿ ಎರಡು ತಾಸು ಕಳೆದೊಡನೆ ರಕ್ತ ಪರೀಕ್ಷೆ. ಆ ಗಳಿಗೆಯಲ್ಲಿ ಮಂತ್ರಿಯೇ ಬಂದು ಅಂಗಿಗೆ ಅಳತೆ ಕೊಡುತ್ತಿದ್ದರೂ ಎತ್ತಿದ ಕೈ ಎತ್ತಿದ ಹಾಗೇ ನಿಂತಿರಬೇಕು. "ಸ್ವಲ್ಪ ಇರಿ ಸ್ವಾಮಿ, ನಿಮ್ಮೆದೆ ಎಲ್ಲೂ ಓಡಿಹೋಗಲ್ಲ, ನನ್ನ ಟೈಮು ಓಡಿಹೋಗುತ್ತೆ" ಎನ್ನುತ್ತಾರೆ. ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಎಡಗೈ ಉಂಗುರದ ಬೆರಳಿನ ಬದಿಗೆ ಚುಚ್ಚಿಕೊಳ್ಳುತ್ತಾರೆ. ಮಿಕ್ಕ ಬೆರಳುಗಳು ಬಟ್ಟೆ ಹಿಡಿಯಲು ಬೇಕಂತೆ. ನಲವತ್ತು ವರ್ಷ ಸೂಜಿ ಹಿಡಿದೂ ಒಮ್ಮೆಯೂ ಚುಚ್ಚಿಸಿಕೊಳ್ಳದ ಮನುಷ್ಯ ಹೀಗೆ ದಿನಾ ಬೇಕೆಂದೇ ಚುಚ್ಚಿಕೊಳ್ಳುವುದನ್ನು ನಾನು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತೇನೆ. ಇನ್ನೂ ದೊಡ್ಡ ಸೋಜಿಗ ಮುಂದಿದೆ. ರಕ್ತದ ಹನಿ ಪರೀಕ್ಷೆಯ ಪಟ್ಟಿಗೆ ತಾಗಿ, ಸಕ್ಕರೆ ಅಳೆಯುವ ಪುಟ್ಟ ಯಂತ್ರ ಐದು, ನಾಲ್ಕು, ಮೂರು ಎಂದು ಎಣಿಸತೊಡಗಿದಾಗ ಮಾಸ್ಟರು ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಅಂಗಡಿಯಲ್ಲೇ ಅತಿ ಸಣ್ಣ ಸೂಜಿ ತೆಗೆದು, ಎಣಿಕೆ ಮುಗಿಯುವುದರೊಳಗೆ ಅದಕ್ಕೆ ಕಪ್ಪು ದಾರ ಪೋಣಿಸುತ್ತಾರೆ! ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ: "ಇದ್ಯಾವ ಪಂದ್ಯ ಮಾಸ್ಟ್ರೇ?" "ನಮ್ಮಪ್ಪನೂ ಇದೇ ಮೇಜಲ್ಲಿ ಕೆಲಸ ಮಾಡ್ದೋರು. ಸಕ್ಕರೆ ಅವರ ಕಣ್ಣು ತಿಂದುಹಾಕ್ತು. ಕೊನೆಕೊನೆಗೆ ಅವರಿಗೆ ದಾರ ಪೋಣಿಸಿ ಕೊಡ್ತಿದ್ದೋನು ನಾನೇ" ಎಂದರು. ಎಂದಿನಂತೆ ಬೆರಳು ಚುಚ್ಚಿಕೊಂಡು, ಹನಿ ತಾಗಿಸಿ, ದಾರ ಪೋಣಿಸಿದರು. ಯಂತ್ರ ಕೀ ಎಂದಿತು. ಪೋಣಿಸಿದ ಸೂಜಿಯನ್ನು, ಎದುರಿಗೆ ಯಾರೋ ಕೈ ಚಾಚಿದ್ದಾರೆಂಬಂತೆ, ಒಂದು ಗಳಿಗೆ ಮುಂದಕ್ಕೆ ಹಿಡಿದರು. ಆಮೇಲಷ್ಟೇ ಅಂಕಿ ನೋಡಿದರು.