ಟಾಕಿಯ ನೀರಿನ ಒಂದು ಹನಿ

ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಮೊನ್ನೆ ಗೋಕಾಕದ ನಮ್ಮ ಓಣಿಯ ನಳದಲ್ಲಿ ಅದೇ ವಾಸನೆಯ ನೀರು ಬಂತು. ಕೊಡ ಅಲ್ಲೇ ಬಿಟ್ಟು ಒಳಗೆ ಬಂದು ಕುಳಿತೆ. ಅಕ್ಕೋರು ನೆನಪಾದರು…

ಮೂಡಲಗಿ ಕಡೆ ಕಬ್ಬಿನ ನಡುವೆ ಒಂದು ತೋಟದ ಶಾಲೆ. ನಾನು ಐದನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಪಕ್ಕದ ಕೋಣೆಯ ಸಣ್ಣ ಮಕ್ಕಳೆಲ್ಲ ಅಕ್ಕೋರ ಪಾಲು. ಹುಕ್ಕೇರಿಯಿಂದ ಬಸ್ಸು ಬದಲಿಸಿ ಬರುತ್ತಿದ್ದರು. ಮಕ್ಕಳಷ್ಟೇ ಅಲ್ಲ, ಜೊತೆಯ ಶಿಕ್ಷಕರಾದ ನಾವೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದೆವು.

ಒಮ್ಮೆ ಅವರು ಮೊಬೈಲಿನ ಕ್ಯಾಮೆರಾಕ್ಕೆ ಸಿಕ್ಕಿಸುವ ಪುಟ್ಟ ಮಸೂರವೊಂದನ್ನು ತಂದರು. ಮೊಬೈಲನ್ನು ಮಕ್ಕಳ ಕೈಗೇ ಕೊಟ್ಟರು. ಉಪ್ಪಿನ ಹರಳು, ಇರುವೆಯ ಕಾಲು, ಕಬ್ಬಿನ ಸಿಪ್ಪೆ… ಕಂಡದ್ದನ್ನೆಲ್ಲ ಅದರಡಿ ಇಟ್ಟು ನೋಡುತ್ತಿದ್ದವು. ಒಬ್ಬ ಹುಡುಗ ಕೆಡವಿ ಗಾಜು ಒಡೆದ. ರಿಪೇರಿ ಮಾಡಿಸಿ ತಂದವರೇ ಮೊದಲು ಅವನ ಕೈಗೆ ಕೊಟ್ಟರು. ಅವನು ತೆಗೆದುಕೊಳ್ಳಲು ಹೆದರಿದಾಗ, "ಹಿಡೀಪಾ, ಹಿಡಿಯೂದು ಮತ್ತ ಯಾವಾಗ ಕಲೀತಿ?" ಎಂದರು.

ಎರಡನೆಯ ತರಗತಿಯಲ್ಲಿ ಕುರಿ ಕಾಯುವವರ ಮನೆಯ ಹುಡುಗಿಯೊಬ್ಬಳಿದ್ದಳು. ಒಂದು ದಿನ ಅವಳು ಕುಡಿಯುವ ನೀರಿನ ಹನಿಯೊಂದನ್ನು ಮಸೂರದಡಿ ಇಟ್ಟಳು.

"ಅಕ್ಕೋರ, ನೀರಾಗ ಹುಳ ಓಡ್ಯಾಡಾಕತ್ತಾವರಿ! ಇದನ್ನ ನಾವು ದಿನಾ ಕುಡಿತೇವೇನ್ರಿ?"

ಅಕ್ಕೋರು ಬಗ್ಗಿ ತಾವೂ ನೋಡಿದರು. ಮೊಬೈಲ್ ಹಿಡಿದು ಹೆಡ್‌ಮಾಸ್ತರರ ಬಳಿ ಹೋದರು. ಹಿಂದೆ ನಾನೂ ಹೋದೆ. "ಕ್ಯಾಮೆರಾದಾಗ ಎಲ್ಲಾ ದೊಡ್ಡದ ಕಾಣತೈತಿ ಬಿಡ್ರಿ," ಎಂದರು ಅವರು, ತಲೆಯನ್ನೂ ಎತ್ತದೆ.

ಮರುದಿನ ಮಕ್ಕಳ ಬಾಯಿಂದ ಸುದ್ದಿ ಕೇಳಿ ತಾಯಂದಿರು ಬಂದರು. "ನನ್ನ ಮಗಳು ಮ್ಯಾಲಿಂದ ಮ್ಯಾಲ ಹೊಟ್ಟಿ ಹಿಡ್ಕೊಂಡ ಅಳತಾಳ. ಟಾಕಿ ತಗದ ತೋರಸ್ರಿ!" ಎಂದು ಆ ಹುಡುಗಿಯ ತಾಯಿ ಅಂಗಳದಲ್ಲೇ ನಿಂತಳು. ಏಣಿ ಹಾಕಿ ಶಾಲೆಯ ಮಾಳಿಗೆ ಹತ್ತಿದರೆ ಕುಡಿಯುವ ನೀರಿನ ಟಾಕಿಯ ಮುಚ್ಚಳ ಒಡೆದು ಬಿದ್ದಿತ್ತು. ಒಳಗೆ ಪಾಚಿ, ಪಾಚಿಯಲ್ಲಿ ಕೊಳೆತ ಪಾರಿವಾಳ.

ಆಮೇಲೆ ಸುದ್ದಿ ತಿಳಿದು ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಟಾಕಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ.

"ಸಣ್ಣ ಹುಡುಗರ ಕೈಯಾಗ ಮೊಬೈಲ್ ಯಾಕ ಕೊಟ್ರಿ? ಸಾಲಿ ಮರ್ಯಾದಿ ಏನಾತು?"

"ಸಾಹೇಬ್ರ, ಹುಳಾ ಹುಡುಗರು ಹಾಕಿದ್ದಲ್ರಿ," ಎಂದರು ಅಕ್ಕೋರು.

"ಮೊದಲ ಟಾಕಿ ನೋಡ್ರಿ ಸಾಹೇಬ್ರ," ಎಂದು ನಾನೂ ದನಿ ಏರಿಸಿದೆ. "ನಿಮ್ಮನ್ನ ಕೇಳಿಲ್ಲ," ಎಂದರು.

ಅದೇ ವಾರ ಟಾಕಿ ತೊಳೆದು ಬ್ಲೀಚಿಂಗ್ ಪುಡಿ ಸುರಿದರು. ಇಡೀ ಶಾಲೆಯೇ ಅದರಿಂದ ನಾರುತ್ತಿದ್ದ ಆ ದಿನವೇ ಅಕ್ಕೋರಿಗೆ ಆದೇಶ ಬಂತು: ಹುಕ್ಕೇರಿಯ ಒಂದು ಕಚೇರಿಗೆ, ಕಂಪ್ಯೂಟರಿನಲ್ಲಿ ಮಾಹಿತಿ ತುಂಬುವ ಕೆಲಸಕ್ಕೆ ನಿಯೋಜನೆ. "ಊರ ಹತ್ತಿರ ಆತಲ್ರಿ, ಛಲೋನ ಆತು," ಎಂದರು ಹೆಡ್‌ಮಾಸ್ತರರು. ಶಿಕ್ಷೆಗೆ ಉಪಕಾರದ ಬಣ್ಣ ಬಳಿದ ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಕ್ಕೋರು ಮತ್ತೆಂದೂ ಮಕ್ಕಳ ನಡುವೆ ನಿಲ್ಲಲಿಲ್ಲ. ಒಮ್ಮೆ ಹುಕ್ಕೇರಿಗೆ ಹೋದಾಗ ಅವರನ್ನು ಕಂಡೆ. ಮೊದಲು ಕೇಳಿದ್ದು ಆ ಹುಡುಗಿಯನ್ನೇ. "ಆಕೀ ಹೊಟ್ಟಿ ನೋವು ಕಮ್ಮಿ ಆಗೇತೇನ್ರಿ?" ಆಗಿದೆ ಎಂದೆ. ಅಷ್ಟಕ್ಕೇ ನಕ್ಕರು. ನನಗೆ ನಗಲಾಗಲಿಲ್ಲ.

ಹೋದ ವರ್ಷ ಜಡ್ಡಾಗಿ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಹೆಡ್‌ಮಾಸ್ತರರು ಮೈಕ್ ಹಿಡಿದು, ಮಕ್ಕಳ ಕೈಗೆ ತಂತ್ರಜ್ಞಾನ ಕೊಟ್ಟ ಮಾದರಿ ಶಿಕ್ಷಕಿ ಎಂದು ಹೊಗಳಿದರು. ನನ್ನ ಮೈ ಉರಿಯಿತು. ಎದ್ದು ನಿಂತು, "ಹಂಗಾದರ ಅಕ್ಕೋರನ್ನ ಯಾಕ ಕಳಿಸಿದ್ರಿ?" ಎಂದು ಕೇಳಿದೆ. ಅವರು ಕನ್ನಡಕ ಸರಿಪಡಿಸಿಕೊಂಡು, ಈಗ ಮೌನಾಚರಣೆ ಎಂದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ನಾನು ಹೊರಗೆ ಬಂದುಬಿಟ್ಟೆ.

ಈಗ ಅಕ್ಕೋರ ಕೋಣೆ ನನ್ನ ಪಾಲಿಗೆ ಬಂದಿದೆ. ಗೋಡೆಯ ಮೇಲೆ ಪಾಠ ತೋರಿಸುವ ದೊಡ್ಡ ಪರದೆ, ಅದರ ಕೆಳಗೆ 'ಮುಟ್ಟಬಾರದು' ಎಂಬ ಚೀಟಿ. ಚೀಟಿಯನ್ನು ನಾನು ಕಿತ್ತು ಹಾಕುತ್ತೇನೆ, ಯಾರೋ ಮತ್ತೆ ಅಂಟಿಸುತ್ತಾರೆ. ಮಕ್ಕಳು ಕೈಕಟ್ಟಿ ಕುಳಿತು ನೋಡುತ್ತವೆ. ಮುಗಿದ ಮೇಲೆ, "ಏನರ ಕೇಳ್ರಿ," ಎನ್ನುತ್ತೇನೆ.

ಯಾರೂ ಏನೂ ಕೇಳುವುದಿಲ್ಲ.